ನಮ್ಮ ಸಂಘದ ಬಾಗಿಲು ಎಷ್ಟು ಅಗಲ? ಗಾಲಿಕುರ್ಚಿಯವರಿಗೂ ಒದಗುವ ಬಾಗಿಲಿನ ಬಗ್ಗೆ ನಾಲ್ಕು ಮಾತು



ಈ ಸಲದ ರಾಜ್ಯೋತ್ಸವದ ಸೂಚನೆ ಈ ಬರಹದ ಕೊನೆಯಲ್ಲಿದೆ. ಅದಕ್ಕೆ ಮುಂಚೆ ನಮ್ಮ ಸಭಾಂಗಣದ ಬಾಗಿಲಿನ ವಿಚಾರವಾಗಿ ಸದಸ್ಯರಿಗೆಲ್ಲ ತಿಳಿಸಬೇಕಾದ ಒಂದು ವರದಿ ಇದೆ. ಬಾಗಿಲಿನ ಬಗ್ಗೆ ಇಷ್ಟುದ್ದ ಬರೆಯುವುದೇನಿದೆ ಎಂದು ಕೆಲವರು ಕೇಳಬಹುದು. ಮೂರು ತಿಂಗಳ ಹಿಂದೆ ನಾವೂ ಹಾಗೆಯೇ ಕೇಳುತ್ತಿದ್ದೆವು.

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರನ್ನು ನೀವೆಲ್ಲ ಬಲ್ಲಿರಿ. ಗಡಿಭಾಗದ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದವರು. ಇಲ್ಲಿ ಹೆಸರು ಹಾಕುವುದು ಬೇಡ ಎಂದಿದ್ದಾರೆ, ಆದ್ದರಿಂದ ಮೇಷ್ಟ್ರು ಎಂದೇ ಕರೆಯುತ್ತೇವೆ. ಪಾರ್ಶ್ವವಾಯು ಆದ ಮೇಲೆ ಅವರು ಗಾಲಿಕುರ್ಚಿಯಲ್ಲಿದ್ದಾರೆ. ಆ ನಂತರ ಬಂದ ಮೊದಲ ರಾಜ್ಯೋತ್ಸವಕ್ಕೆ ನಮ್ಮ ನಾಲ್ವರು ಹುಡುಗರು ಅವರನ್ನು ಕುರ್ಚಿ ಸಮೇತ ಎತ್ತಿ ಎರಡು ಮೆಟ್ಟಿಲು, ಒಂದು ಹೊಸ್ತಿಲು ದಾಟಿಸಿ ಒಳಗೆ ತಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೇಷ್ಟ್ರು ನಕ್ಕರು. ಅದೇ ಕೊನೆ, ಆಮೇಲೆ ಅವರು ಬರಲಿಲ್ಲ. ಆರೋಗ್ಯ ಸರಿಯಿಲ್ಲವೇನೋ ಎಂದು ನಾವು ಅಂದುಕೊಂಡೆವು. ಪ್ರತಿ ವರ್ಷದ ವರದಿಯಲ್ಲಿ 'ಅನಾರೋಗ್ಯದ ನಿಮಿತ್ತ ಗೈರುಹಾಜರು' ಎಂದು ನಾವೇ ಬರೆದೆವು.

ಈ ವರ್ಷ ಅವರ ಮಗಳು ಸಂಘದ ಗ್ರಂಥಾಲಯದ ಪುಸ್ತಕ ವಾಪಸು ಕೊಡಲು ಬಂದಿದ್ದರು. ಅಪ್ಪನವರ ಆರೋಗ್ಯ ಹೇಗಿದೆಯಮ್ಮ ಎಂದು ಕೇಳಿದೆವು. "ಚೆನ್ನಾಗೇ ಇದ್ದಾರೆ ಸಾರ್. ಬರೋ ಆಸೆನೂ ಇದೆ. ಮೂಟೆ ಥರ ಎತ್ತಿಸಿಕೊಂಡು ಬರೋಕೆ ಮನಸ್ಸಿಲ್ಲ, ಅಷ್ಟೇ," ಅಂದರು.

ಕಚೇರಿಯಲ್ಲಿ ಮೂವತ್ತೈದು ವರ್ಷ ಕಡತ ನೋಡಿದವರಿಗೆ ತಪ್ಪು ದಾಖಲೆ ಎಂದರೆ ಏನೆಂದು ಗೊತ್ತು. ಅವರ ಗೈರುಹಾಜರಿಗೆ ಕಾರಣ ಅನಾರೋಗ್ಯವಲ್ಲ, ನಮ್ಮ ಬಾಗಿಲು. ಅಂದು ಸಂಜೆಯೇ ಟೇಪು ಹಿಡಿದು ಅಳತೆಗೆ ಕೂತೆವು. ಅಲ್ಲಿಂದ ಕಲಿತದ್ದನ್ನು ನಿಮ್ಮ ಮನೆ, ಅಂಗಡಿ, ಗುಡಿಗಳಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೂರಡಿ ಬಾಗಿಲು ಮೂರಡಿ ಇರುವುದಿಲ್ಲ

ನಮ್ಮ ಸಭಾಂಗಣ ಮೊದಲು ಒಂದು ಹಳೆಯ ಮನೆ. ಅದರ ಮುಂಬಾಗಿಲು 'ಮೂರಡಿ ಬಾಗಿಲು' ಎಂದೇ ಲೆಕ್ಕ. ಗಾಲಿಕುರ್ಚಿ 26 ಇಂಚು. ಹಾಗಾದರೆ ಹಿಡಿಸಬೇಕಲ್ಲ?

ಹಿಡಿಸಲಿಲ್ಲ. ಬಡಗಿ ಮೂರಡಿ ಎಂದು ಹೇಳುವುದು ಚೌಕಟ್ಟಿನ ಹೊರ ಅಳತೆ. ನಮ್ಮ ಕಡೆ ದ್ವಾರಬಂಧ ಅನ್ನುತ್ತೇವಲ್ಲ, ಅದರ ಈ ತುದಿಯಿಂದ ಆ ತುದಿಗೆ. ಹಳೆಯ ಬೇವಿನ ಮರದ ಚೌಕಟ್ಟು ಒಂದೊಂದು ಬದಿಗೆ ಮೂರು ಇಂಚು. 36ರಲ್ಲಿ 6 ಹೋದರೆ 30. ಬಾಗಿಲು ತೆರೆದಾಗ ಅದರ ಹಲಗೆಯ ದಪ್ಪವೂ ದಾರಿಯೊಳಗೇ ನಿಲ್ಲುತ್ತದೆ, ಅದು ಒಂದೂವರೆ ಇಂಚು. ಉಳಿದದ್ದು ಇಪ್ಪತ್ತೆಂಟೂವರೆ. ಬಾಗಿಲ ಹಿಂದೆ ನಾವೇ ಇಟ್ಟಿದ್ದ ಚಪ್ಪಲಿ ಸ್ಟ್ಯಾಂಡಿನಿಂದ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ, ಅದಕ್ಕೆ ಇನ್ನೊಂದು ಇಂಚು. ಕೊನೆಗೆ ಸಿಕ್ಕಿದ್ದು ಇಪ್ಪತ್ತೇಳೂವರೆ ಇಂಚು.

26 ಇಂಚಿನ ಕುರ್ಚಿ ಇಪ್ಪತ್ತೇಳೂವರೆಯಲ್ಲಿ ತೂರುತ್ತದೆ ನಿಜ. ಆದರೆ ಕೂತವರ ಕೈ? ಗಾಲಿಯ ಪಕ್ಕದ ಬಳೆಯನ್ನು ಹಿಡಿದು ತಳ್ಳುವವರಿಗೆ ಮೊಣಕೈ, ಬೆರಳ ಗೆಣ್ಣುಗಳಿಗೆ ಎರಡೂ ಬದಿ ಎರಡೆರಡು ಇಂಚಾದರೂ ಬೇಕು. ಇಲ್ಲದಿದ್ದರೆ ಬೆರಳು ಚೌಕಟ್ಟಿಗೆ ಜಜ್ಜುತ್ತದೆ. ಜೊತೆಗೆ ಯಾರೂ ಸೂಜಿಗೆ ದಾರ ಪೋಣಿಸಿದಂತೆ ನೇರವಾಗಿ ಬಾಗಿಲಿಗೆ ಬರುವುದಿಲ್ಲ, ಸ್ವಲ್ಪ ಓರೆಯಾಗಿಯೇ ಬರುತ್ತಾರೆ. ಆದ್ದರಿಂದಲೇ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಸಾರ್ವತ್ರಿಕ ಪ್ರವೇಶದ ಮಾರ್ಗಸೂಚಿಯಲ್ಲಿ ಬಾಗಿಲು ತೆರೆದಾಗ ಸಿಗುವ ಖಾಲಿ ಅಗಲ 900 ಮಿಲಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು ಇರಬೇಕು ಎಂದಿದೆ. ಅಮೆರಿಕದ ನಿಯಮದಲ್ಲಿ ಇದು ಕನಿಷ್ಠ 32 ಇಂಚು.

ಬಡಗಿಗೆ ಹೇಳುವಾಗ ಹೀಗೆ ಹೇಳಿ: "ಚೌಕಟ್ಟು ಎಷ್ಟಾದರೂ ಇರಲಿ, ಬಾಗಿಲು ತೆರೆದ ಮೇಲೆ ಮೂವತ್ತೈದೂವರೆ ಇಂಚು ಖಾಲಿ ಸಿಗಬೇಕು." ಎರಡೂವರೆ ಇಂಚಿನ ಮರವಾದರೆ ಚೌಕಟ್ಟಿನ ಹೊರ ಅಳತೆ ಮೂರೂವರೆ ಅಡಿ ಬೇಕಾಗುತ್ತದೆ. 42ರಲ್ಲಿ 5 ಕಳೆದರೆ 37, ಹಲಗೆಗೆ ಒಂದೂವರೆ ಕಳೆದರೆ ಸರಿಯಾಗಿ ಮೂವತ್ತೈದೂವರೆ.

ಹಳೆಯ ಚೌಕಟ್ಟು ಕೀಳಲು ಆಗದಿದ್ದರೆ ಒಂದು ಉಪಾಯವಿದೆ. ಸಾಮಾನ್ಯ ಬಿಜಾಗರಿಯ ಬದಲು ಮಡಿಕೆಯಿರುವ ಬಿಜಾಗರಿ ಹಾಕಿದರೆ ತೆರೆದ ಬಾಗಿಲು ದಾರಿಯಿಂದ ಪೂರ್ತಿ ಆಚೆ ಸರಿದು ನಿಲ್ಲುತ್ತದೆ. ಹಲಗೆಯ ದಪ್ಪದಷ್ಟು ಜಾಗ ವಾಪಸು ಸಿಗುತ್ತದೆ. ಹಳ್ಳಿಮನೆಗಳ ಎರಡು ರೆಕ್ಕೆಯ ಬಾಗಿಲಿನಲ್ಲಿ ಒಂದು ರೆಕ್ಕೆಯನ್ನು ಯಾವಾಗಲೂ ಬೋಲ್ಟು ಹಾಕಿಟ್ಟಿರುತ್ತೇವೆ. ಹೊಸದಾಗಿ ಮಾಡಿಸುವವರು ಒಂದು ರೆಕ್ಕೆ ಅಗಲ, ಒಂದು ರೆಕ್ಕೆ ಕಿರಿದು ಮಾಡಿಸಿದರೆ ಅಗಲದ್ದೊಂದನ್ನೇ ತೆರೆದು ಹೋಗಬಹುದು.

ಹೊಸ್ತಿಲ ಮಾತು

ಇದು ಸ್ವಲ್ಪ ಸೂಕ್ಷ್ಮದ ವಿಷಯ. ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚು ಚರ್ಚೆಯಾದದ್ದೂ ಇದೇ. ಕನ್ನಡದವರಿಗೆ ಹೊಸ್ತಿಲು, ತೆಲುಗಿನವರಿಗೆ ಗಡಪ, ಇಬ್ಬರಿಗೂ ಅದು ಲಕ್ಷ್ಮಿಯ ಜಾಗ. ಅರಿಶಿನ ಕುಂಕುಮ ಇಡುತ್ತೇವೆ, ರಂಗೋಲಿ ಹಾಕುತ್ತೇವೆ, ತುಳಿಯಬಾರದು ಎಂದು ಮಕ್ಕಳಿಗೆ ಹೇಳುತ್ತೇವೆ. ಅದನ್ನು ಕಿತ್ತುಹಾಕುವುದೇ ಎಂದು ಇಬ್ಬರು ಹಿರಿಯರು ಬೇಸರ ಪಟ್ಟರು.

ಹೊಸ್ತಿಲು ಎತ್ತರವಾಗಿರಲು ಹಿಂದಿನವರಿಗೆ ಕಾರಣಗಳಿದ್ದವು. ಮಳೆನೀರು, ಹಾವು ಚೇಳು, ದೂಳು ಒಳಗೆ ಬರದಿರಲು ಅದು ಬೇಕಿತ್ತು. ಮರದ ಚೌಕಟ್ಟಿನ ಎರಡು ಕಾಲು ಅಗಲಿಸದಂತೆ ಬಿಗಿಹಿಡಿಯಲೂ ಬೇಕಿತ್ತು. ಆದರೆ ಗಾಲಿಕುರ್ಚಿಯ ಮುಂದಿನ ಚಕ್ರಗಳನ್ನು ನೋಡಿ. ಹಿಂದಿನ ಚಕ್ರ ದೊಡ್ಡದಿದ್ದರೂ ಮುಂದಿನವು ಅಂಗೈಯಷ್ಟೇ ಇರುತ್ತವೆ. ಮೂರು ಇಂಚಿನ ಹೊಸ್ತಿಲಿಗೆ ಅವು ತಗುಲಿದರೆ ಕುರ್ಚಿ ಅಲ್ಲೇ ನಿಲ್ಲುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಾಲೆತ್ತಿ ಇಡಲು ಕಷ್ಟಪಡುವ ಅಜ್ಜ ಅಜ್ಜಿಯರು ಎಡವುವುದೂ ಇದೇ ಹೊಸ್ತಿಲಿಗೆ. ಹೊಸ್ತಿಲು ಇಲ್ಲದಿರುವುದೇ ಲೇಸು, ಬೇಕೇ ಬೇಕಾದರೆ 12 ಮಿಲಿಮೀಟರ್, ಅಂದರೆ ಅರ್ಧ ಇಂಚು ಮೀರದಿರಲಿ, ಅಂಚು ಇಳಿಜಾರಾಗಿರಲಿ ಎಂಬುದು ಮಾರ್ಗಸೂಚಿಯ ಮಾತು.

ನಾವು ಮಾಡಿದ್ದಿಷ್ಟು. ಹೊಸ್ತಿಲನ್ನು ತೆಗೆಯಲಿಲ್ಲ, ತಗ್ಗಿಸಿದೆವು. ಅದೇ ಬೇವಿನ ಹಲಗೆಯನ್ನು ನೆಲಕ್ಕೆ ಸಮನಾಗಿ ಕೂಡಿಸಿದೆವು. ಅರಿಶಿನ ಕುಂಕುಮಕ್ಕೆ ಮರ ಅಲ್ಲೇ ಇದೆ, ರಂಗೋಲಿಗೆ ಜಾಗವೂ ಇದೆ. ಬೇಸರಪಟ್ಟ ಹಿರಿಯರಲ್ಲಿ ಒಬ್ಬರು ತಾವೇ ಬಂದು ಪೂಜೆ ಮಾಡಿಸಿಕೊಟ್ಟರು. ದೂಳಿಗೆ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆಸಿದ್ದೇವೆ. ಮಳೆನೀರಿಗೆ ಹೊರಗಡೆ ಬಾಗಿಲ ಮುಂದೆ ಜಾಲರಿ ಮುಚ್ಚಿದ ಸಣ್ಣ ಕಾಲುವೆ ಇದೆ. ಜಾಲರಿಯ ಸಂದು ಅರ್ಧ ಇಂಚಿಗಿಂತ ಕಿರಿದಿರಬೇಕು ಮತ್ತು ನಡೆವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಅದರಲ್ಲೇ ಸಿಕ್ಕಿಬೀಳುತ್ತದೆ.

ಕಲ್ಲಿನ ಹೊಸ್ತಿಲು ತೆಗೆಯಲು ಆಗದ ಮನೆಗಳಲ್ಲಿ ಎರಡೂ ಕಡೆ ಸಣ್ಣ ಇಳಿಜಾರು ಹಲಗೆ ಇಡಬಹುದು. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಎರಡಿಂಚು ಹೊಸ್ತಿಲಿಗೆ ಆ ಕಡೆ ಎರಡಡಿ, ಈ ಕಡೆ ಎರಡಡಿ.

ಎಳೆಯುವುದಕ್ಕೆ ಎಲ್ಲಿ ನಿಲ್ಲಲಿ?

ನಾವು ಎಡವಿದ್ದು ಇಲ್ಲಿ. ನಮ್ಮ ನೆಲ ಅಂಗಳಕ್ಕಿಂತ ಒಂದಡಿ ಎತ್ತರ. ಒಂದಕ್ಕೆ ಹನ್ನೆರಡರ ಲೆಕ್ಕದಂತೆ ಗೋಡೆಯ ಪಕ್ಕಕ್ಕೆ ಹನ್ನೆರಡಡಿ ಇಳಿಜಾರು ಕಟ್ಟಿಸಿದೆವು. ನುಣುಪು ಟೈಲ್ಸ್ ಬೇಡವೆಂದು ಪಾಲಿಶ್ ಇಲ್ಲದ ತಾಡಪತ್ರಿ ಬಂಡೆ ಹಾಸಿದೆವು, ಒದ್ದೆಯಾದರೂ ಜಾರುವುದು ಕಡಿಮೆ. ಹೊಸ ಬಾಗಿಲು, ಹೊಸ ಇಳಿಜಾರು ನೋಡಿ ನಮಗೆ ಸಂತೋಷವೋ ಸಂತೋಷ. ಮೇಷ್ಟ್ರನ್ನು ಮನೆಗೆ ಹೋಗಿ ಕರೆದೆವು. ಬಂದು ನೀವೇ ಪರೀಕ್ಷೆ ಮಾಡಿ ಮೇಷ್ಟ್ರೇ, ಎಷ್ಟು ಅಂಕ ಕೊಡುತ್ತೀರೋ ಕೊಡಿ ಎಂದೆವು.

ಅವರು ಇಳಿಜಾರು ಹತ್ತಿದರು. ಬಾಗಿಲ ಮುಂದೆ ನಿಂತು ಹಿಡಿಕೆ ಹಿಡಿದು ಎಳೆದರು. ಬಾಗಿಲು ಬಂದು ಅವರ ಮೊಣಕಾಲಿಗೆ ತಗುಲಿತು. ಹಿಂದಕ್ಕೆ ಸರಿದರೆ ಇಳಿಜಾರಿಗೆ ಉರುಳುತ್ತಾರೆ. "ಕಾರ್ಯದರ್ಶಿಗಳೇ, ಬಾಗಿಲು ಅಗಲವಾಗಿದೆ, ಸಂತೋಷ. ಎಳೆಯುವುದಕ್ಕೆ ನಾನು ಎಲ್ಲಿ ನಿಲ್ಲಲಿ ಹೇಳಿ?" ಎಂದರು.

ನಡೆಯುವವರು ಬಾಗಿಲು ಎಳೆಯುವಾಗ ಗೊತ್ತಿಲ್ಲದಂತೆ ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತೇವೆ. ಗಾಲಿಕುರ್ಚಿಯಲ್ಲಿರುವವರಿಗೆ ಆ ಜಾಗವನ್ನು ಕಟ್ಟಿಯೇ ಕೊಡಬೇಕು. ಬಾಗಿಲ ಮುಂದೆ ಐದಡಿ ಚೌಕ, ಸುಮಾರು 1500 ಮಿಲಿಮೀಟರ್, ಸಮತಟ್ಟಾದ ನೆಲ ಬೇಕು. ಅದಲ್ಲದೆ ಹಿಡಿಕೆ ಇರುವ ಬದಿಯಲ್ಲಿ ಬಾಗಿಲಿನ ಅಂಚಿನಿಂದಾಚೆಗೆ ಒಂದೂವರೆಯಿಂದ ಎರಡಡಿ ಖಾಲಿ ಜಾಗ ಬೇಕು. ಅಲ್ಲಿ ಕುರ್ಚಿ ನಿಲ್ಲಿಸಿ ಬಾಗಿಲನ್ನು ತಮ್ಮ ಪಕ್ಕಕ್ಕೆ ಎಳೆದುಕೊಳ್ಳಬಹುದು. ನಾವು ಬಿಟ್ಟಿದ್ದು ಮೂರೇ ಅಡಿ. ಗಾರೆ ಮೇಸ್ತ್ರಿಯನ್ನು ಮತ್ತೆ ಕರೆಸಿ, ಕಟ್ಟಿದ್ದರಲ್ಲಿ ಒಂದು ಭಾಗ ಒಡೆದು, ಇಳಿಜಾರನ್ನು ಮುಂದಕ್ಕೆ ಸರಿಸಿ ಸರಿಪಡಿಸಿದೆವು. ಅದಕ್ಕೆ 6,200 ರೂಪಾಯಿ ಹೆಚ್ಚುವರಿ ಖರ್ಚು. ಕಟ್ಟುವ ಮೊದಲೇ ಮೇಷ್ಟ್ರನ್ನು ಕೇಳಿದ್ದರೆ ಇದು ಉಳಿಯುತ್ತಿತ್ತು. ಯಾರಿಗಾಗಿ ಕಟ್ಟುತ್ತೇವೋ ಅವರನ್ನು ಕಟ್ಟುವ ಮೊದಲು ಕೇಳಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಿಡಿಕೆ, ಚಿಲಕ, ಬೋಲ್ಟು

ಉರುಟು ಗುಂಡಿಯ ಹಿಡಿಕೆ ತಿರುಗಿಸಲು ಬೆರಳಲ್ಲಿ ಬಲ ಬೇಕು. ಪಾರ್ಶ್ವವಾಯು ಆದವರಿಗೆ, ಸಂಧಿವಾತ ಇರುವವರಿಗೆ ಅದು ಆಗದ ಕೆಲಸ. ಕೆಳಕ್ಕೆ ಒತ್ತಿದರೆ ತೆರೆಯುವ ಉದ್ದ ಹಿಡಿಕೆ ಒಳ್ಳೆಯದು. ಪರೀಕ್ಷೆ ಸುಲಭ: ಮುಷ್ಟಿ ಬಿಗಿಹಿಡಿದು, ಬೆರಳು ಬಿಚ್ಚದೆ ಬಾಗಿಲು ತೆರೆಯಿರಿ. ತೆರೆದರೆ ಆ ಹಿಡಿಕೆ ಎಲ್ಲರಿಗೂ ಆಗುತ್ತದೆ. ಎರಡೂ ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ಬರುವವರಿಗೂ ಮೊಣಕೈಯಿಂದ ಒತ್ತಲು ಅನುಕೂಲ.

ಎತ್ತರ ಸುಮಾರು ಮೂರಡಿ, ಅಂದರೆ 900ರಿಂದ 1000 ಮಿಲಿಮೀಟರ್ ಇರಲಿ. ನಮ್ಮ ಮನೆಗಳಲ್ಲಿ ಬಾಗಿಲ ತುದಿಗೆ ಒಂದು ಟವರ್ ಬೋಲ್ಟ್, ಬುಡಕ್ಕೆ ಒಂದು, ನಡುವೆ ಚಿಲಕ ಇರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಮೇಲಿನದು ಎಟುಕುವುದಿಲ್ಲ, ಬುಡದ್ದಕ್ಕೆ ಬಗ್ಗಲಾಗುವುದಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಯಾರಾದರೂ ಮೇಲಿನ ಬೋಲ್ಟು ಹಾಕಿಸಿಬಿಟ್ಟರೆ ಅವರು ಸ್ವಂತ ಮನೆಯಲ್ಲೇ ಬಂದಿಯಾದಂತೆ. ನಡುವಿನ ಒಂದು ಒಳ್ಳೆಯ ಬೀಗ ಸಾಕು.

ತಾನಾಗಿ ಮುಚ್ಚುವ ಬಾಗಿಲುಗಳ ಸ್ಪ್ರಿಂಗಿನ ಬಿಗುವನ್ನೂ ಪರೀಕ್ಷಿಸಿ. ಅಮೆರಿಕದ ನಿಯಮದಂತೆ ಒಳಬಾಗಿಲು ತೆರೆಯಲು ಬೇಕಾದ ಬಲ ಐದು ಪೌಂಡ್ ಮೀರಬಾರದು, ಅಂದರೆ ಸುಮಾರು ಎರಡೂಕಾಲು ಕಿಲೋ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯನ್ನು ಹಿಡಿಕೆಗೆ ಸಿಕ್ಕಿಸಿ ಎಳೆದರೆ ಮನೆಯಲ್ಲೇ ತಿಳಿಯುತ್ತದೆ. ಬಾಗಿಲು ನಿಧಾನವಾಗಿ ಮುಚ್ಚಬೇಕು, ಐದು ಸೆಕೆಂಡಾದರೂ ತೆಗೆದುಕೊಳ್ಳಬೇಕು. ಬಾಗಿಲಿನ ಕೆಳಗಿನ ಒಂದಡಿಗೆ ಸ್ಟೀಲ್ ತಗಡು ಹೊಡೆಸಿದರೆ ಕುರ್ಚಿಯ ಪಾದಪಟ್ಟಿ ತಗುಲಿ ಮರ ಹಾಳಾಗುವುದಿಲ್ಲ. ಗಾಜಿನ ಬಾಗಿಲಿದ್ದರೆ ನಿಂತವರ ಕಣ್ಣಿನ ಎತ್ತರಕ್ಕೂ ಕೂತವರ ಕಣ್ಣಿನ ಎತ್ತರಕ್ಕೂ ಬಣ್ಣದ ಪಟ್ಟಿ ಅಂಟಿಸಿ.

ಬಚ್ಚಲ ಬಾಗಿಲು

ಮನೆ ಕಟ್ಟುವಾಗ ನಾವು ಮುಂಬಾಗಿಲಿಗೆ ತೇಗ ತರಿಸುತ್ತೇವೆ, ಕೆತ್ತನೆ ಮಾಡಿಸುತ್ತೇವೆ. ಬಚ್ಚಲಿಗೆ ಎರಡೂವರೆ ಅಡಿ ಚೌಕಟ್ಟು, ಒಂದು ಪಿವಿಸಿ ಬಾಗಿಲು. ಮೇಲಿನದೇ ಲೆಕ್ಕ ಹಾಕಿ: 30ರಲ್ಲಿ 5 ಹೋದರೆ 25, ಹಲಗೆಗೆ ಒಂದು ಕಳೆದರೆ 24. ದೊಡ್ಡವರ ಸಾಮಾನ್ಯ ಗಾಲಿಕುರ್ಚಿ ಅಲ್ಲಿ ಹೋಗದು. ಎಷ್ಟೋ ಮನೆಗಳಲ್ಲಿ ಹಿರಿಯರು ಕೋಣೆ ಬಿಟ್ಟು ಹೊರಬರದಿರಲು, ಸಮಾರಂಭಕ್ಕೆ ಬರಲು ಒಲ್ಲೆನೆನ್ನಲು, ಮಧ್ಯಾಹ್ನದ ಮೇಲೆ ನೀರೇ ಕುಡಿಯದಿರಲು ಕಾರಣ ಈ 24 ಇಂಚು. ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಚ್ಚಲ ಬಾಗಿಲು ಒಳಕ್ಕೆ ತೆರೆದುಕೊಂಡರೆ ಅಪಾಯ. ಒಳಗಿದ್ದವರು ಜಾರಿ ಬಿದ್ದರೆ ಅವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನಿಂದ ತಳ್ಳಿದರೆ ಅವರಿಗೇ ಪೆಟ್ಟು. ಆದ್ದರಿಂದ ಬಾಗಿಲು ಹೊರಕ್ಕೆ ತೆರೆಯಲಿ. ಅದಕ್ಕೆ ಜಾಗವಿಲ್ಲದಿದ್ದರೆ ಮೇಲಿನ ಪಟ್ಟಿಗೆ ತೂಗುಬಿಟ್ಟ ಸರಿಸುವ ಬಾಗಿಲು ಹಾಕಿಸಿ, ನೆಲದಲ್ಲಿ ಹಳಿ ಬೇಡ. ಚಿಲಕ ತುರ್ತಿನಲ್ಲಿ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಲು ಬರುವಂಥದ್ದಿರಲಿ. ಬಾಗಿಲ ಒಳಬದಿಯಲ್ಲಿ ಅಡ್ಡಲಾಗಿ ಒಂದು ಕಂಬಿ ಇದ್ದರೆ ಒಳಹೋದವರು ಅದನ್ನು ಹಿಡಿದು ಬಾಗಿಲನ್ನು ಹಿಂದೆಳೆದುಕೊಳ್ಳಬಹುದು.

ಈಗ 'ಸಾರ್ವತ್ರಿಕ ವಿನ್ಯಾಸ' ಎಂದು ಕರೆಯುವ ವಿಚಾರಕ್ಕೆ ಹೆಸರು ಕೊಟ್ಟ ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಗಾಲಿಕುರ್ಚಿ ಹಿಡಿದವರು. ಅವರು ಓದಿದ ವಾಸ್ತುಶಿಲ್ಪದ ಕಾಲೇಜಿನಲ್ಲಿ ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಬೇಕಿತ್ತು, ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸುತ್ತಿರಲಿಲ್ಲ. ಕಟ್ಟಡ ಕಟ್ಟುವುದನ್ನು ಕಲಿಸುವ ಕಟ್ಟಡದಲ್ಲೇ ಆ ಸ್ಥಿತಿ. ನಮ್ಮ ಬೆಂಗಳೂರಿನಲ್ಲಿ 1959ರಷ್ಟು ಹಿಂದೆಯೇ ಎನ್.ಎಸ್. ಹೇಮಾ ಅವರು ತಾವೇ ಗಾಲಿಕುರ್ಚಿಯಲ್ಲಿದ್ದುಕೊಂಡು ವಿಕಲಚೇತನರಿಗಾಗಿ ಎಪಿಡಿ ಸಂಸ್ಥೆ ಕಟ್ಟಿದರು. ನಮ್ಮ ಅನಂತಪುರ ಜಿಲ್ಲೆಯಲ್ಲಿ 1969ರಲ್ಲಿ ವಿಸೆಂಟೆ ಫೆರರ್ ಅವರು ಆರಂಭಿಸಿದ ಆರ್‌ಡಿಟಿ ಹಳ್ಳಿಹಳ್ಳಿಯ ವಿಕಲಚೇತನರ ನಡುವೆ ಕೆಲಸ ಮಾಡುತ್ತಾ ಬಂದಿದೆ. ತಿಳಿದವರು ನಮ್ಮ ಹತ್ತಿರದಲ್ಲೇ ಇದ್ದರು. ನಾವು ಕೇಳಿರಲಿಲ್ಲ.

ಒಳಬರುವ ಬಾಗಿಲೇ ಹೊರಹೋಗುವ ಬಾಗಿಲು

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಬಿದ್ದಾಗ 59 ಮಂದಿ ತೀರಿಕೊಂಡರು. ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಲು ಹೊರಹೋಗುವ ದಾರಿಯನ್ನೇ ಮುಚ್ಚಿದ್ದರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅಗ್ನಿ ಅನಾಹುತ 2010ರ ಫೆಬ್ರವರಿ 23ರದ್ದು, ಅಲ್ಲಿ 9 ಮಂದಿ ಹೋದರು. ಇದನ್ನು ಓದಿದ ಮೇಲೆ ನಮ್ಮ ಸಭಾಂಗಣದ ಪಕ್ಕದ ಬಾಗಿಲು ನೋಡಿದೆವು. ಅದಕ್ಕೆ ಅಡ್ಡವಾಗಿ ಅರವತ್ತು ಪ್ಲಾಸ್ಟಿಕ್ ಕುರ್ಚಿ, ಎರಡು ಮೈಕ್ ಸ್ಟ್ಯಾಂಡು, ಹಳೆಯ ಬ್ಯಾನರುಗಳು. ಹೊರಗಿನಿಂದ ಬೀಗ, ಬೀಗದ ಕೈ ಯಾರ ಹತ್ತಿರ ಇದೆಯೆಂದು ಕಂಡುಹಿಡಿಯಲು ಎರಡು ದಿನ ಬೇಕಾಯಿತು.

ಜನ ಸೇರುವ ಕೋಣೆಯ ಬಾಗಿಲು ಹೊರಕ್ಕೆ ತೆರೆಯಬೇಕು. ಗಾಬರಿಯಲ್ಲಿ ಎಲ್ಲರೂ ಬಾಗಿಲಿಗೆ ಒತ್ತಿ ನಿಂತರೆ ಒಳಕ್ಕೆ ತೆರೆಯುವ ಬಾಗಿಲನ್ನು ಯಾರೂ ಎಳೆಯಲಾರರು. ಓಡಬಲ್ಲವರು ಕಿಟಕಿ ಹಾರಿಯಾದರೂ ಹೋಗಬಹುದು, ಗಾಲಿಕುರ್ಚಿಯವರಿಗೆ ಬಾಗಿಲೊಂದೇ ದಾರಿ. ಅವರನ್ನು ಒಳಗೆ ಕರೆದುಕೊಳ್ಳುವಾಗ ಹೊರಗೆ ಕಳಿಸುವ ದಾರಿಯನ್ನೂ ನೋಡಿಕೊಳ್ಳುವುದು ಕರೆದವರ ಹೊಣೆ. ಕಾರ್ಯಕ್ರಮ ನಡೆಯುವಷ್ಟು ಹೊತ್ತೂ ಎರಡೂ ಬಾಗಿಲ ಬೀಗ ತೆಗೆದಿರಬೇಕು, ಮುಂದೆ ಏನೂ ಇಡಬಾರದು ಎಂದು ಸಮಿತಿಯಲ್ಲಿ ನಿರ್ಣಯವಾಗಿದೆ. ಕುರ್ಚಿಗಳ ಸಾಲಿನಲ್ಲಿ ಗಾಲಿಕುರ್ಚಿಗೆ ಎರಡು ಜಾಗ ಖಾಲಿ ಬಿಡುತ್ತೇವೆ. ಅವು ಒಂದು ಮೂಲೆಯಲ್ಲಿರದೆ ಉಳಿದವರ ನಡುವೆಯೇ ಇರುತ್ತವೆ.

ಕಾನೂನು ಏನನ್ನುತ್ತದೆ?

2011ರ ಜನಗಣತಿಯಂತೆ ದೇಶದಲ್ಲಿ ವಿಕಲಚೇತನರು 2.68 ಕೋಟಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಸಾರ್ವಜನಿಕರು ಬಳಸುವ ಕಟ್ಟಡ ಸಾರ್ವಜನಿಕ ಕಟ್ಟಡವೇ ಎಂದು ಅದು ಹೇಳುತ್ತದೆ. ಅಂದರೆ ನಮ್ಮಂಥ ಸಂಘದ ಸಭಾಂಗಣ, ಕಲ್ಯಾಣಮಂಟಪ, ಅಂಗಡಿ ಎಲ್ಲವೂ ಅದರೊಳಗೆ ಬಂತು. ನಿಯಮಕ್ಕೆ ಹೊಂದದ ನಕ್ಷೆಗೆ ಅನುಮತಿ ಕೊಡಬಾರದು, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದಲ್ಲಿ ಸರಿಪಡಿಸಬೇಕು ಎಂದೂ ಇದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದು ವರ್ಷಗಳಾದವು.

ರಾಜೀವ್ ರತೂರಿ ಎಂಬ ದೃಷ್ಟಿ ಸವಾಲಿನ ವ್ಯಕ್ತಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಲ್ಲಿ 2024ರ ನವೆಂಬರ್ 8ರಂದು ತೀರ್ಪು ಬಂತು. ಅದಕ್ಕೆ ಆಧಾರವಾಗಿ ವರದಿ ಕೊಟ್ಟದ್ದು ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ. ಪ್ರವೇಶದ ನಿಯಮಗಳು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮ ರೂಪಿಸಬೇಕು ಎಂದು ನ್ಯಾಯಾಲಯ ಕೇಂದ್ರಕ್ಕೆ ಮೂರು ತಿಂಗಳ ಕಾಲ ಕೊಟ್ಟಿತು. ಹಕ್ಕು ಎಂದ ಮೇಲೆ ಅದು ಯಾರದೋ ದಯೆಯ ಮೇಲೆ ನಿಲ್ಲಬಾರದು. ಹುಡುಗರು ಪ್ರೀತಿಯಿಂದಲೇ ಎತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಭೆಯ ಮುಂದೆ ಎತ್ತಿಸಿಕೊಳ್ಳುವವರಿಗೆ ಆ ಚಪ್ಪಾಳೆ ಹೇಗೆ ಕೇಳಿಸಿತೋ ನಾವು ಯೋಚಿಸಲಿಲ್ಲ.

ಹಳೆಯ ಗುಡಿಗಳ ಮಾತು ಬೇರೆ. ಕನ್ನಡ ಶಾಸನಗಳೂ ಇರುವ ನಮ್ಮ ಲೇಪಾಕ್ಷಿಯ ಕಲ್ಲಿನ ಹೊಸ್ತಿಲನ್ನು ಯಾರೂ ಕೆತ್ತಿ ತಗ್ಗಿಸಬೇಕಿಲ್ಲ. ಅಂಥಲ್ಲಿ ಇಟ್ಟು ತೆಗೆಯುವ ಮರದ ಇಳಿಜಾರು ಸಾಕು. ಚುನಾವಣೆಯ ದಿನ ಶಾಲೆಗಳ ಮತಗಟ್ಟೆಗೆ ಇಳಿಜಾರು, ಗಾಲಿಕುರ್ಚಿ ಒದಗಿಸುವುದನ್ನು ನೀವೂ ನೋಡಿದ್ದೀರಿ. ಆ ಒಂದು ದಿನ ಆಗುವುದು ಉಳಿದ ದಿನಗಳಲ್ಲಿ ಆಗದೆಂದೇನೂ ಇಲ್ಲ.

ಲೆಕ್ಕ ಮತ್ತು ಬಾಕಿ

ಮರ, ಬಡಗಿ, ಗಾರೆ, ಬಂಡೆ, ಹಿಡಿಕೆ, ಬಿಜಾಗರಿ, ಒಡೆದು ಕಟ್ಟಿದ್ದು ಎಲ್ಲ ಸೇರಿ ಖರ್ಚು 47,850 ರೂಪಾಯಿ. ರಸೀದಿಗಳು ಕಡತದಲ್ಲಿವೆ, ಯಾವ ಸದಸ್ಯರೂ ಬಂದು ನೋಡಬಹುದು. ಈ ವರ್ಷ ವೇದಿಕೆಯ ಅಲಂಕಾರ, ಹಾರ ಶಾಲುಗಳ ಬಾಬ್ತನ್ನು ಕಡಿಮೆ ಮಾಡಿ ಹೊಂದಿಸಿದ್ದೇವೆ.

ಬಾಕಿ ಇರುವುದು ಶೌಚಾಲಯ. ಅದರ ಬಾಗಿಲು ಇಂದಿಗೂ 24 ಇಂಚು. ಗೋಡೆ ಒಡೆಯಬೇಕು, ನೀರಿನ ಪೈಪು ಸರಿಸಬೇಕು, ಅದಕ್ಕೆ ಹಣ ಸಾಲಲಿಲ್ಲ. ಮೇಷ್ಟ್ರು ರಾಜ್ಯೋತ್ಸವಕ್ಕೆ ಬರುತ್ತೇನೆ ಎಂದು ಒಪ್ಪಿದ್ದಾರೆ, ಎರಡು ಗಂಟೆ ಮಾತ್ರ ಕೂರುತ್ತೇನೆ ಎಂದೂ ಹೇಳಿದ್ದಾರೆ. ಯಾಕೆಂದು ಈ ಸಲ ನಮಗೆ ಗೊತ್ತಿದೆ. ಆದ್ದರಿಂದ ವರದಿಯಲ್ಲಿ ಅನಾರೋಗ್ಯ ಎಂದು ಬರೆಯುವುದಿಲ್ಲ.

ರಾಜ್ಯೋತ್ಸವದ ಸೂಚನೆ

ನವೆಂಬರ್ 1ರಂದು ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಸಭಾಂಗಣದಲ್ಲಿ ಧ್ವಜಾರೋಹಣ, ನಂತರ ಮಕ್ಕಳ ಗಾಯನ. ಮೇಷ್ಟ್ರು ಗಡಿನಾಡಿನ ಕನ್ನಡ ಶಾಲೆಗಳ ಬಗ್ಗೆ ಮಾತನಾಡುತ್ತಾರೆ. ಅವರ ಮಾತನ್ನು ಮೊದಲಿಗೇ ಇಟ್ಟಿದ್ದೇವೆ, ದಯವಿಟ್ಟು ತಡಮಾಡದೆ ಬನ್ನಿ. ಮನೆಯಲ್ಲಿ ಗಾಲಿಕುರ್ಚಿಯಲ್ಲಿರುವವರು, ಕೋಲು ಹಿಡಿದು ನಡೆಯುವ ಹಿರಿಯರು ಇದ್ದರೆ ಅವರನ್ನೂ ಕರೆತನ್ನಿ. ಎಲ್ಲರಿಗೂ ಮುಂಬಾಗಿಲೇ.

ಬರುವಾಗ ಒಂದು ಚೀಟಿಯಲ್ಲಿ ನಿಮ್ಮ ಮನೆಯ ಮೂರು ಅಳತೆ ಬರೆದು ತನ್ನಿ: ಮುಂಬಾಗಿಲು ತೆರೆದಾಗ ಸಿಗುವ ಖಾಲಿ ಅಗಲ, ಹೊಸ್ತಿಲ ಎತ್ತರ, ಬಚ್ಚಲ ಬಾಗಿಲಿನ ಖಾಲಿ ಅಗಲ. ನಮ್ಮ ಕೆಲಸ ಮಾಡಿದ ಬಡಗಿಯೂ ಗಾರೆ ಮೇಸ್ತ್ರಿಯೂ ಅಂದು ಇರುತ್ತಾರೆ, ಯಾವುದನ್ನು ಹೇಗೆ ಸರಿಪಡಿಸಬಹುದೆಂದು ಹೇಳುತ್ತಾರೆ. ಶೌಚಾಲಯದ ಕೆಲಸಕ್ಕೆ ಕೈಲಾದಷ್ಟು ಕೊಡುವವರು ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಕಲ್ಯಾಣದುರ್ಗ